ಗೆರೆಯ ಮೇಲಿನ ಮನೆ

ನಮ್ಮ ಮನೆಯನ್ನು ಹೊಳೆ ಮುಳುಗಿಸಿತು ಎಂದು ಮೊಮ್ಮಕ್ಕಳು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಹೊಳೆಯ ನೀರು ನಮ್ಮ ಊರೊಳಗೆ ಬಂದು ನಿಂತದ್ದು ನನ್ನ ಹಿರಿಯ ಮಗನ ಲಗ್ನವಾದ ಮೇಲೆ. ಅದಕ್ಕೂ ಎಷ್ಟೋ ವರ್ಷ ಮೊದಲು, ನಾನು ಪರಕಾರ ಉಡುವ ಹುಡುಗಿಯಾಗಿದ್ದಾಗ, ಆ ಮನೆಯನ್ನು ನಮ್ಮಪ್ಪ ತನ್ನ ಕೈಯಾರೆ ಬಿಚ್ಚಿದ. ಕುಡಿದು ಬಿಚ್ಚಲಿಲ್ಲ, ಸಿಟ್ಟಿನಿಂದಲೂ ಬಿಚ್ಚಲಿಲ್ಲ. ಹೆದರಿ ಬಿಚ್ಚಿದ. ಬಿಚ್ಚಿದ್ದನ್ನು ಒಂದು ಹಳೆಯ ಡಬಲ್ ಡೆಕ್ಕರ್ ಬಸ್ಸಿಗೆ ಹೇರಿದ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಜನ ಆಮೇಲೆ ಹಾಕಿದ ಒಗ್ಗರಣೆ.

ನಮ್ಮ ಊರು ಬಾಗಲಕೋಟೆಯ ಕೆಳಗೆ ಘಟಪ್ರಭೆಯ ದಂಡೆಯಲ್ಲಿತ್ತು. ಆಣೆಕಟ್ಟು ಆಗುತ್ತದೆ, ನೀರು ಹಿಂದಕ್ಕೆ ಸರಿದು ಊರೆಲ್ಲ ಮುಳುಗಡೆಯಾಗುತ್ತದೆ ಎಂಬ ಮಾತು ನಾನು ಹುಟ್ಟುವ ಮೊದಲೇ ಹುಟ್ಟಿತ್ತು. ನಾನು ಬೆಳೆದಂತೆ ಅದೂ ಬೆಳೆಯಿತು. ಒಂದು ದಿನ ಸರ್ವೆಯವರು ಬಂದು ಮನೆಮನೆಯ ಗೋಡೆಗೆ ಬಿಳಿ ಬಣ್ಣದ ಗೆರೆ ಎಳೆದು ಹೋದರು. ನಮ್ಮ ಪಡಸಾಲೆಯ ಗೋಡೆಯ ಮೇಲಿನ ಗೆರೆ ಅಪ್ಪ ಕೈ ಎತ್ತಿ ನಿಂತರೆ ಬೆರಳಿನ ತುದಿಗೆ ತಾಗುವಷ್ಟು ಎತ್ತರದಲ್ಲಿತ್ತು. ಅದು ನೀರು ನಿಲ್ಲುವ ಮಟ್ಟ ಎಂದು ಯಾರೂ ಹೇಳಿರಲಿಲ್ಲ. ಈ ಮನೆ ನೋಡಿ ಆಯಿತು ಎಂಬುದಕ್ಕೆ ಹಾಕಿದ ಗುರುತು ಅಷ್ಟೇ ಅಂತೆ, ಇದು ನನಗೆ ಮುದುಕಿಯಾಗುವ ಹೊತ್ತಿಗೆ ಗೊತ್ತಾಯಿತು. ಆಗ ನಾವೇ ಅದನ್ನು ನೀರಿನ ಮಟ್ಟ ಎಂದು ತಿಳಿದೆವು, ಇಡೀ ಊರು ಹಾಗೇ ತಿಳಿಯಿತು. ಅಂದಿನಿಂದ ಆ ಗೆರೆ ನಮ್ಮ ಮನೆಯೊಳಗಿನ ಒಬ್ಬ ಮನುಷ್ಯನಂತೆ ಆಯಿತು. ಊಟಕ್ಕೆ ಕೂತರೆ ಅಪ್ಪನ ಕಣ್ಣು ತಾಟಿನ ಮೇಲಿರುತ್ತಿರಲಿಲ್ಲ, ಗೋಡೆಯ ಮೇಲಿರುತ್ತಿತ್ತು. ಇಲ್ಲಿ ಕೂತು ಉಣ್ಣುತ್ತಿರುವಾಗ ನೀರು ತಲೆಯ ಮೇಲೆ ಎಷ್ಟು ಇರುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ನನಗೂ ಅದೇ ಚಟ ಹತ್ತಿತು. ಹಾಸಿಗೆಯಲ್ಲಿ ಮಲಗಿ ಉಸಿರು ಬಿಗಿ ಹಿಡಿದು ನೋಡುತ್ತಿದ್ದೆ, ಎಷ್ಟು ಹೊತ್ತು ಬದುಕಬಹುದು ಎಂದು.

ಮನೆ ಅಂದರೆ ದೊಡ್ಡದಲ್ಲ. ಮಣ್ಣಿನ ಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರಾಚೆ ಅಡಿಗೆಮನೆ. ಅಡಿಗೆಮನೆಯ ಮೂಲೆಯಲ್ಲಿ ಬಚ್ಚಲು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಊರಿನ ಸೂಲಗಿತ್ತಿ. ಅವಳ ಕೈಯಲ್ಲಿ ಊರಿನ ಅರ್ಧ ಮಂದಿ ಹುಟ್ಟಿದ್ದರು. ನಾನು, ಅಂದರೆ ನೀಲಿ, ನನ್ನ ತಮ್ಮ ಮಲ್ಲ್ಯಾ, ಇಬ್ಬರೂ ಆ ಮನೆಯಲ್ಲೇ ಹುಟ್ಟಿದವರು. ಹೆರಿಗೆಯ ನಂತರ ಬೀಳುವ ಮಾಸನ್ನು ಬಚ್ಚಲ ಮೂಲೆಯಲ್ಲಿ ಹೂಳುವುದು ನಮ್ಮ ಕಡೆಯ ಪದ್ಧತಿ. ನನ್ನದು, ಮಲ್ಲ್ಯಾನದು, ಅಪ್ಪನದು, ಎಲ್ಲ ಅಲ್ಲೇ ನೆಲದೊಳಗೆ ಇದ್ದವು. ದಿನಾ ಅದರ ಮೇಲೆ ನಿಂತು ಮೈ ತೊಳೆಯುತ್ತಿದ್ದೆವು.

ಅಪ್ಪನ ಹೆಸರು ಕಾಳಪ್ಪ. ಕಸುಬಿನಿಂದ ಬಡಿಗ. ಕುಳಗೇರಿ ಕ್ರಾಸಿನ ಒಂದು ಗ್ಯಾರೇಜಿನಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಆ ಗ್ಯಾರೇಜಿನ ಮಾಲೀಕ ಮುಂಬೈಯಲ್ಲಿ ಗುಜರಿಗೆ ಹಾಕಿದ್ದ ಡಬಲ್ ಡೆಕ್ಕರ್ ಬಸ್ಸು ಎರಡನ್ನು ತಂದು ನಿಲ್ಲಿಸಿದ. ಮೊದಲನೆಯದರ ಸೀಟು ಕಿತ್ತು, ಮಂಚ ಜೋಡಿಸಿ, ಬಾದಾಮಿಗೆ ಗುಹೆ ನೋಡಲು ಬರುವ ಪರದೇಶದವರು ಮಲಗಿಕೊಳ್ಳಲಿ ಎಂದು ಅಪ್ಪನ ಕೈಯಲ್ಲೇ ಮನೆಯಂತೆ ಮಾಡಿಸಿದ. ಅದು ಬಾದಾಮಿಯಲ್ಲಿ ಒಂದು ಹುಣಸೆಮರದ ಕೆಳಗೆ ಕದಲದೆ ನಿಂತು ಚೆನ್ನಾಗಿಯೇ ನಡೆಯಿತು. ಆ ಕೆಲಸ ಮಾಡುವಾಗ ಅಪ್ಪ ಒಂದು ದಿನ ಬಸ್ಸಿನ ಹೊರಗೆ ನಿಂತು ಕೈ ಎತ್ತಿ ನೋಡಿದ್ದಾನೆ. ಮೇಲಿನ ಅಂತಸ್ತಿನ ನೆಲ ಅವನ ಬೆರಳಿಗಿಂತ ಮೇಲೆ ಇತ್ತು. ಅಂದರೆ ಗೆರೆಗಿಂತ ಮೇಲೆ. ಎರಡನೆಯ ಬಸ್ಸನ್ನು ಕೂಲಿಯ ಬದಲು ಕೇಳಿ ತೆಗೆದುಕೊಂಡು ಬಂದ.

ಅದು ಬಂದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಡ್ರೈವರ್ ಹುಸೇನಸಾಬ ಎತ್ತಿನ ಗಾಡಿಗಿಂತ ಮೆಲ್ಲಗೆ ಹೊಡೆಯುತ್ತಿದ್ದ. ಅಪ್ಪ ಬಸ್ಸಿನ ನೆತ್ತಿಯ ಮೇಲೆ ಕೂತು ಉದ್ದನೆಯ ಬಿದಿರಿನಿಂದ ಕರೆಂಟಿನ ತಂತಿ ಎತ್ತಿ ಎತ್ತಿ ದಾರಿ ಮಾಡುತ್ತಿದ್ದ. ಊರು ಊರೇ ಹಿಂದೆ. ನಮ್ಮ ಮನೆಯ ಹಿಂದಿನ ಕಣದಲ್ಲಿ ತಂದು ನಿಲ್ಲಿಸಿದಾಗ ಕಟ್ಟೆಯ ಮೇಲಿದ್ದ ಗಂಡಸರು ಬಿಡಲಿಲ್ಲ.

"ಏ ಕಾಳಪ್ಪಾ, ಇಳಕಲ್ಲಿಗೆ ಎರಡ ಟಿಕೀಟ ಕೊಡಪಾ!"

"ಇದ ಬಸ್ ಅಲ್ಲೋ, ಮನಿ."

"ಮನಿ ಆದ್ರ ಸ್ಟೇರಿಂಗ್ ಯಾಕ? ಹೇಂತಿ ಬೈದ್ರ ತಿರಿವಿಕೊಂಡ ಓಡಿ ಹೋಗಾಕೇನ?"

ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು ಬಸ್ಸನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಅವಳಿಗೆ ಆಗ ದಿನ ತುಂಬುತ್ತಾ ಬಂದಿದ್ದವು. ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಅವಳು ಬೈದರೆ ನಮಗೆ ಅಂಜಿಕೆ ಇರಲಿಲ್ಲ. ಸುಮ್ಮನೆ ರೊಟ್ಟಿ ಬಡಿದರೆ ಅಂಜುತ್ತಿದ್ದೆವು.

ಅಪ್ಪ ಗ್ಯಾರೇಜಿಗೆ ಹೋಗುವುದು ಬಿಟ್ಟು ಬಸ್ಸನ್ನು ಮನೆ ಮಾಡುವುದಕ್ಕೆ ಹತ್ತಿದ. ಕೆಳಗಿನ ಸೀಟು ಕಿತ್ತು ಡ್ರೈವರನ ಬೆನ್ನ ಹಿಂದೆ ಒಲೆ ಹಾಕಿದ. ಹಿಂಭಾಗದಲ್ಲಿ ಕಂಡಕ್ಟರ್ ನಿಲ್ಲುವ ಜಾಗ ಬಚ್ಚಲಾಯಿತು, ನೀರು ತಾನೇ ಹೊರಗೆ ಹರಿಯುತ್ತಿತ್ತು. ಅಲ್ಲಿಂದ ತಿರುಗಿಕೊಂಡು ಏರುವ ಕಬ್ಬಿಣದ ಮೆಟ್ಟಿಲು. ಮೇಲೆ ಮಲಗುವ ಜಾಗ. ಗಂಟೆಯ ಹಗ್ಗವನ್ನು ಮಾತ್ರ ಹಾಗೇ ಬಿಟ್ಟ. ಆಯಿ ಮೇಲಿನ ಮುಂದಿನ ಸೀಟಿನಲ್ಲಿ ಕೂತು ಚಹಾ ಬೇಕಾದರೆ ಹಗ್ಗ ಜಗ್ಗುತ್ತಿದ್ದಳು. ಅಲ್ಲಿ ಕೂತರೆ ಅವಳಿಗೆ ಇಡೀ ಓಣಿ ಕಾಣುತ್ತಿತ್ತು, ಅದೇ ಒಂದು ಜಗಳಕ್ಕೆ ಕಾರಣವಾಯಿತು. ನಮ್ಮ ಓಣಿಯಲ್ಲಿ ಎಷ್ಟೋ ಮನೆಯವರ ಬಚ್ಚಲು ಹಿತ್ತಿಲಲ್ಲಿ, ಅದಕ್ಕೆ ಮಾಡು ಇಲ್ಲ. ಪಕ್ಕದ ಮನೆಯ ಗಂಗವ್ವ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಂದಳು.

"ಏ ಆಯಿ, ಎರಕೊಳ್ಳೂಮುಂದ ಮ್ಯಾಲಿಂದ ನೋಡ್ತೀಯಲ್ಲ, ನಾಚಿಗಿ ಬರಂಗಿಲ್ಲ?"

"ನಿನ್ನ ಹುಟ್ಟಿದಾಗಿಂದ ನೋಡೇನಿ ತಗೋ. ಮೊದಲ ಹಿಡದಾಕೀನ ನಾನು. ಅವಾಗಿನಕಿಂತ ಹೊಸಾದೇನ ಐತಿ?"

ಗಂಗವ್ವನಿಗೂ ನಗು ಬಂತು. ಆದರೆ ಗಂಡಸರಿಗೆ ಬರಲಿಲ್ಲ. ಅಪ್ಪ ಆ ಬದಿಯ ಕಿಟಕಿಗಳಿಗೆ ಹಲಗೆ ಬಡಿಯಬೇಕಾಯಿತು. ಹಲಗೆ ಎಲ್ಲಿಂದ? ನಮ್ಮ ಮನೆಯ ಅಟ್ಟದಿಂದ. ಶುರುವಾದದ್ದು ಹಾಗೆ. ಹಲಗೆ ಆದ ಮೇಲೆ ಮೇಲಿನ ನೆಲ ಬಾಗುತ್ತದೆ ಎಂದು ದನದ ಜಾಗದ ಜಂತಿ ಕಿತ್ತು ಆನಿಕೆ ಕೊಟ್ಟ. ಆಮೇಲೆ, ಹೇಗೂ ಮುಳುಗುವ ಮನೆಯಲ್ಲಿ ಸಾಗವಾನಿ ಯಾಕೆ ಕೊಳೆಯಬೇಕು ಎಂದು ಪಡಸಾಲೆಯ ತೊಲೆಗೆ ಕೈ ಹಾಕಿದ. ನಾನು ಸಾಲೆಯಿಂದ ಬರುವಷ್ಟರಲ್ಲಿ ಮನೆಯೊಳಗೆ ಇಲ್ಲದ ಬೆಳಕು ಬಂದಿರುತ್ತಿತ್ತು. ಇವತ್ತು ಇಲ್ಲಿ ಆಕಾಶ, ನಾಳೆ ಅಲ್ಲಿ. ಸಾಲೆಯಲ್ಲಿ ಕೂತರೆ ನನಗೆ ಮತ್ತೊಂದು ಹೆದರಿಕೆ. ಮನೆಗೆ ಗಾಲಿ ಬಂದಿದೆಯಲ್ಲ, ನಾನು ಇಲ್ಲಿರುವಾಗ ಅದು ಹೊರಟು ಹೋದರೆ? ಮಾಸ್ತರರು ಏನು ಕಲಿಸುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಕಿಟಕಿಯಲ್ಲಿ ಮಾಳಿಗೆಗಳ ಮೇಲೆ ಬಸ್ಸಿನ ಕೆಂಪು ನೆತ್ತಿ ಕಾಣುತ್ತದೆಯೋ ಇಲ್ಲವೋ ನೋಡುತ್ತಿದ್ದೆ.

ಅಪ್ಪ ಹೇರುತ್ತಿದ್ದ ರೀತಿ ಹುಸೇನಸಾಬನಿಗೆ ಮೊದಲ ದಿನದಿಂದಲೂ ಸರಿ ಕಂಡಿರಲಿಲ್ಲ. ಜೋಳದ ಚೀಲ ಮೇಲೆ. ಬೀಸುವ ಕಲ್ಲು ಮೇಲೆ. ಒರಳು ಮೇಲೆ. ಕಿತ್ತ ತೊಲೆ ಜಂತಿಗಳನ್ನೆಲ್ಲ ಮುಂದಿನ ಕಿಟಕಿಯಿಂದ ತೂರಿಸಿ ಮೇಲೆ. ಕೆಳಗೆ ಒಲೆ, ನಾಲ್ಕು ಪಾತ್ರೆ, ಅಷ್ಟೇ. ಅವನು ಒಂದು ಸಲ ನೋಡಲು ಬಂದವನು ತಲೆ ಕೆರೆದುಕೊಂಡ.

"ಮೇಸ್ತ್ರಿ, ಮ್ಯಾಲ ಭಾಳ ವಜ್ಜಿ ಆತ್ರಿ. ಲಾರಿ ಕಟ್ಟೂ ಮನಷ್ಯಾ ನೀವು, ನಿಮಗ ನಾ ಏನ ಹೇಳ್ಲಿ."

"ನೀರ ಕೆಳಗಿಂದ ಬರತೈತಿ ಹುಸೇನ್ಯಾ. ಕೆಳಗಿಟ್ಟದ್ದ ತೋಯ್ತೈತಿ."

"ಅಲ್ರಿ, ನೀರ ಬರೂದಕ್ಕ ಮೊದಲ ನಾವ ಹೋಗಿರ್ತೀವಲ್ಲ?"

ಅಪ್ಪ ಇನ್ನೊಂದು ಜಂತಿಯನ್ನು ಮೇಲಕ್ಕೆ ತೂರಿಸಿದ. ಅವನಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಭಾರ ಎಲ್ಲಿಡಬೇಕು ಎಂಬುದು ಅವನ ಅನ್ನದ ವಿದ್ಯೆ. ಆದರೆ ಆ ಗೆರೆ ಅವನ ಕಣ್ಣೊಳಗೆ ಕೂತಿತ್ತು. ಅದರ ಕೆಳಗಿದ್ದದ್ದೆಲ್ಲ ಹೋದದ್ದು, ಮೇಲಿದ್ದದ್ದೆಲ್ಲ ಉಳಿದದ್ದು. ಹೆದರಿದ ಮನುಷ್ಯನ ಬುದ್ಧಿ ಅಷ್ಟಕ್ಕೇ ನಿಲ್ಲುತ್ತದೆ.

ಅವ್ವ ಬಾಯಿ ಬಿಟ್ಟದ್ದು ಹೆರಿಗೆಯ ಮಾತು ಬಂದಾಗ. ಅಪ್ಪ ಮೇಲಿನ ಹಿಂಬದಿಗೆ ಮಲಗಲು ಹೊರಸು ಹಾಕಿ, ಇದು ನಿನ್ನ ಬಾಣಂತಿ ಕೋಣೆ ಎಂದು ತೋರಿಸಿದ. ತಗಡಿನ ನೆತ್ತಿ, ಮಧ್ಯಾಹ್ನ ಅಲ್ಲಿ ಬೆವರು ಸೋರುತ್ತಿತ್ತು. ಹೊಟ್ಟೆ ಹೊತ್ತುಕೊಂಡು ಆ ತಿರುಗುಮೆಟ್ಟಿಲು ಏರಿ ಬಂದ ಅವ್ವ ಕಂಬಿ ಹಿಡಿದು ನಿಂತೇ ಹೇಳಿದಳು.

"ನಾ ಇಲ್ಲಿ ಹಡಿಯಂಗಿಲ್ರಿ. ಹಡಿಯಾಕ ನೆಲ ಬೇಕು. ಗಾಲಿ ಮ್ಯಾಲ ಹಡದ್ರ ನಾಳೆ ಕೂಸಿನ ಊರ ಯಾವ್ದಂತ ಹೇಳೂದು?"

"ಕುರಿ ಕಾಯೂ ಮಂದಿ ಅಡವ್ಯಾಗ ಹಡಿಯಂಗಿಲ್ಲೇನ? ಬೀರಪ್ಪ ದೇವ್ರ ಕಾಯಂಗಿಲ್ಲೇನ ಅವರನ್ನ?"

ಕೆಳಗಿನಿಂದ ಆಯಿಯ ದನಿ ಬಂತು.

"ಅವರೂ ನೆಲದ ಮ್ಯಾಲ ಹಡೀತಾರೋ ಕಾಳ್ಯಾ. ಕುರಿ ಮ್ಯಾಲ ಕುಂತ ಹಡಿಯಂಗಿಲ್ಲ."

ನನಗೂ ಮಲ್ಲ್ಯಾನಿಗೂ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಆಯಿ ಮೆಟ್ಟಿಲ ಬುಡಕ್ಕೆ ಬಂದು ಮುಖ ಎತ್ತಿ ಕೇಳಿದಳು.

"ಅದಿರ್ಲಿ. ಮಾಸ ಎಲ್ಲಿ ಹೂಳೂದು? ಅದನ್ನ ಹೇಳ ಮೊದಲ."

ಅಪ್ಪ ಆ ದಿನ ಉಣ್ಣಲಿಲ್ಲ. ಮರುದಿನ ಗ್ಯಾರೇಜಿನ ಎಣ್ಣೆಯ ಡ್ರಮ್ಮೊಂದನ್ನು ಅರ್ಧಕ್ಕೆ ಕತ್ತರಿಸಿ ತಂದ. ಬಚ್ಚಲ ಮೂಲೆಯ ಮಣ್ಣನ್ನೇ ಅಗೆದು, ಹಸಿಯಾಗಿಯೇ ಅದರಲ್ಲಿ ತುಂಬಿದ. ಇದೇ ಮಣ್ಣು, ಇದರಲ್ಲೇ ಹೂಳಿದರಾಯಿತು ಎಂದ. ಆಮೇಲೆ ಆ ಡ್ರಮ್ಮನ್ನೂ ಗಂಡಸರ ಕೈಯಲ್ಲಿ ಎತ್ತಿಸಿ ಮೇಲಕ್ಕೇ ಏರಿಸಿದ. ನೀರು ಬಂದರೆ ಮಣ್ಣು ಕರಗಬಾರದಲ್ಲ. ನಮ್ಮ ನೆಲವನ್ನೇ ಅಗೆದು ಬಸ್ಸಿನ ಮಾಳಿಗೆಗೆ ಹಾಕಿದ ಮನುಷ್ಯ ಅವನು. ಆಯಿ ಸೋತಳು. ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟಿದ್ದ. ಅವ್ವ ಮಾತ್ರ ಆ ಡ್ರಮ್ಮಿನತ್ತ ಒಂದು ದಿನವೂ ತಿರುಗಿ ನೋಡಲಿಲ್ಲ.

ಶ್ರಾವಣ ಬಂತು. ನಮ್ಮಲ್ಲಿ ಮಳೆ ಇರಲಿಲ್ಲ, ಮೇಲೆ ಘಟ್ಟದಲ್ಲಿ ಬಿದ್ದದ್ದು ಹೊಳೆಗೆ ಬರುತ್ತಿತ್ತು. ಪ್ರತಿ ವರ್ಷ ಬರುವುದೇ. ಬಂದು, ಬಟ್ಟೆ ಒಗೆಯುವ ಬಂಡೆ ಮುಚ್ಚಿ, ಇಳಿದು ಹೋಗುತ್ತಿತ್ತು. ಆ ವರ್ಷ ಅಪ್ಪ ನೀರಿನ ಅಂಚಿಗೆ ಒಂದು ಗೂಟ ಬಡಿದು ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದ. ಒಂದು ದಿನ ಗೂಟ ಕಾಣಲಿಲ್ಲ. ಓಡಿ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಣೆಕಟ್ಟಿನ ನೀರು ಬಂತು, ಬಂತು ಎಂದ. ಎಲ್ಲರೂ ಹೇಳಿದರು, ಇದು ವರ್ಷದ ನೀರು ಎಂದು. ಅವನ ಕಿವಿಗೆ ಹೋಗಲಿಲ್ಲ. ಹುಸೇನಸಾಬನಿಗೆ ಹೇಳಿ ಕಳುಹಿಸಿದ. ಹುನಗುಂದದ ಕಡೆ ಎತ್ತರದ ಭೂಮಿ, ಅಲ್ಲಿಂದ ಇಳಕಲ್ಲು ಹತ್ತಿರ, ಕಲ್ಲಿನ ಖಣಿಯ ಲಾರಿಗಳಿಗೆ ಬಾಡಿ ಕಟ್ಟಿ ಬದುಕುವುದು ಎಂದು ಅವನ ವಿಚಾರ. ಡ್ರೈವರ್ ಬರುವಷ್ಟರಲ್ಲಿ ಅಡಿಗೆಮನೆಯ ಮೇಲೆ ಉಳಿದಿದ್ದ ಮಾಳಿಗೆಯನ್ನೂ ಬಿಚ್ಚಿ ಹಾಕಿದ. ಮನೆ ಅಂದರೆ ಗೋಡೆ ಮಾತ್ರ ನಿಂತವು.

ಹೊರಟದ್ದು ಹಾಡುಹಗಲಲ್ಲೇ. ಅವ್ವನನ್ನು ಮೇಲೆ ಹೊರಸಿನ ಮೇಲೆ ಕೂರಿಸಿದ, ನನ್ನನ್ನೂ ಮಲ್ಲ್ಯಾನನ್ನೂ ಅವಳ ಬದಿಗೆ. ಗೆರೆಯ ಮೇಲೆ ಇರಬೇಕಲ್ಲ. ಆಯಿಗೆ ಆ ವಾರ ಮಂಡಿನೋವು ಏರಿತ್ತು, ಹೇರಿದ್ದರಲ್ಲಿ ಮೇಲೆ ಜಾಗವೂ ಇರಲಿಲ್ಲ, ಕೆಳಗೇ ಕೂತಳು. ಬಸ್ಸು ಕಣ ಬಿಟ್ಟು ಊರ ಹೊರಗಿನ ಹಳ್ಳಕ್ಕೆ ಹೋಗುವ ಗಾಡಿ ಹಾದಿಗೆ ಇಳಿಯಿತು. ಇಳಿದ ಕೂಡಲೇ ಅದು ತೂಗಲು ಹತ್ತಿತು. ಬಸ್ಸು ಕುಣಿದರೆ ಅಂಜಿಕೆ ಇಲ್ಲ. ಇದು ಕುಣಿಯಲಿಲ್ಲ, ಮೆಲ್ಲಗೆ ಒಂದು ಮಗ್ಗಲಿಗೆ ವಾಲಿ, ನಿಂತು, ಏನೋ ವಿಚಾರ ಮಾಡಿದಂತೆ ತಡೆದು, ಮತ್ತೆ ಈ ಮಗ್ಗಲಿಗೆ ಬರುತ್ತಿತ್ತು. ಬೀಸುವ ಕಲ್ಲು ಒಂದು ಗೇಣು ಸರಿಯಿತು. ಅವ್ವ ನನ್ನ ಕೈ ಹಿಡಿದಿದ್ದಳು. ಹಿಡಿತ ಒಮ್ಮೆ ಬಿಗಿಯಾಗಿ, ಸಡಿಲಾಗಿ, ಮತ್ತೆ ಬಿಗಿಯಾಯಿತು. ಬಸ್ಸಿಗೆ ಹೆದರುತ್ತಿದ್ದಾಳೆ ಎಂದುಕೊಂಡೆ. ಬಸ್ಸಿಗಲ್ಲ. ಬೇನೆ ಶುರುವಾಗಿತ್ತು, ಬೆಳಗಿನಿಂದಲೇ ಇತ್ತು, ಯಾರಿಗೂ ಹೇಳಿರಲಿಲ್ಲ. ಅವಳು ಎದ್ದು ಗಂಟೆಯ ಹಗ್ಗ ಜಗ್ಗಿದಳು. ಹುಸೇನಸಾಬ ನಿಲ್ಲಿಸಿದ. ಮೆಟ್ಟಿಲಿಗೆ ಬೆನ್ನು ಹಚ್ಚಿ, ಕೂತು ಕೂತು ಕೆಳಗಿಳಿದಳು. ನಾನೂ ಮಲ್ಲ್ಯಾನೂ ಅವಳ ಹಿಂದೆಯೇ ಇಳಿದೆವು. ಮುಂದೆ ಬಿದಿರು ಹಿಡಿದು ನಡೆಯುತ್ತಿದ್ದ ಅಪ್ಪ ಓಡಿ ಬಂದ.

"ಹತ್ತ! ನೀರ ಬರಾಕತ್ತೈತಿ, ಹತ್ತ!"

"ನಾ ಮನಿಗೆ ಹೊಂಟೇನಿ."

"ಮನಿ ಇದ ಐತಲ್ಲ! ಅಲ್ಲೇನೈತಿ, ಬರೇ ಗ್ವಾಡಿ!"

"ಗ್ವಾಡಿ ಸಾಕು. ಅತ್ತೀ, ನೀವೂ ಇಳೀರಿ. ನನಗ ಬ್ಯಾನಿ ಬಂದಾವು."

ಆಯಿ ಕಿಟಕಿಯಿಂದ ಮಗನ ಮುಖ ನೋಡಿದಳು. ಬೇಲಿಯ ಆಚೆ ಊರಿನ ಮಂದಿ ನಿಂತು ನೋಡುತ್ತಿದ್ದರು.

"ನೀ ನಡೀವಾ, ನಾ ಹಿಂದಿಂದ ಬರ್ತೇನಿ. ಎಲ್ಲಾರೂ ಇಳದ್ರ ನನ್ನ ಮಗ ನಾಕ ಮಂದ್ಯಾಗ ಹ್ಯಾಂಗ ಮಾರಿ ತೋರಿಸ್ಬೇಕು? ಹಳ್ಳ ದಾಟಿಸಿ ಇಳೀತೇನಿ."

ಅವಳು ಆ ಮಾತು ಆಡದಿದ್ದರೆ ಚೆನ್ನಾಗಿತ್ತು. ಅಪ್ಪ ಹುಸೇನಸಾಬನಿಗೆ ಹೊಡೆ ಎಂದ. ಹೇಂತಿ ಹಿಂದಕ್ಕೆ ಹೊರಟಿದ್ದಾಳೆ, ಅವನಿಗೆ ಹಳ್ಳ ದಾಟುವುದೇ ದೊಡ್ಡದಾಗಿತ್ತು. ನಾವು ಮೂವರೂ ಬೆನ್ನು ತಿರುಗಿಸಿ ನಡೆಯುತ್ತಿದ್ದೆವು. ಅವ್ವ ಬೇನೆ ಬಂದಾಗ ನಿಲ್ಲುತ್ತಿದ್ದಳು, ನನ್ನ ಭುಜದ ಮೇಲೆ ಭಾರ ಬಿಡುತ್ತಿದ್ದಳು. ಮಂದಿ ಕೂಗಿದರು. ತಿರುಗಿ ನೋಡಿದೆ. ಹಳ್ಳದ ಇಳಿಜಾರಿನಲ್ಲಿ ಬಸ್ಸು ವಾಲಿತ್ತು. ಈ ಸಲ ವಿಚಾರ ಮಾಡಲಿಲ್ಲ. ದಣಿದ ಎಮ್ಮೆ ಮಲಗುವಂತೆ ಮಗ್ಗಲಿಗೆ ಮಲಗಿತು. ಸಪ್ಪಳ ಆಮೇಲೆ ಬಂತು. ಕಲ್ಲು, ತೊಲೆ, ಚೀಲ, ಎಲ್ಲ ಒಂದರ ಮೇಲೊಂದು ಬಿದ್ದ ಸಪ್ಪಳ.

ಹುಸೇನಸಾಬ ಮೈ ತರಚಿಕೊಂಡು ಹೊರಬಂದ. ಆಯಿಯನ್ನು ಕಿಟಕಿಯಿಂದ ಎಳೆದು ತೆಗೆದರು. ತೊಡೆಯ ಎಲುಬು ಮುರಿದಿತ್ತು. ಕಿಟಕಿಗೆ ಬಡಿದಿದ್ದ ಹಲಗೆಯನ್ನೇ ಕಿತ್ತು ಅದರ ಮೇಲೆ ಮಲಗಿಸಿ ಹೊತ್ತು ತಂದರು. ಅಷ್ಟರಲ್ಲಿ ಅವ್ವ ಅಡಿಗೆಮನೆಯ ನಾಲ್ಕು ಗೋಡೆಯ ನಡುವೆ ಮಂಡಿಯೂರಿ ಕೂತಿದ್ದಳು. ಮೇಲೆ ಮೋಡ. ಗಂಗವ್ವ ಮತ್ತೆ ಓಣಿಯ ಹೆಂಗಸರು ಗೋಡೆಯಿಂದ ಗೋಡೆಗೆ ಸೀರೆ ಕಟ್ಟಿ ಮರೆ ಮಾಡಿದ್ದರು. ಗಂಗವ್ವ ಅವ್ವನ ಹೊಟ್ಟೆಯ ಮೇಲೆ ಕೈ ಇಟ್ಟು ಒತ್ತುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಕೆಲಸ.

"ನನ್ನ ಬಾಗಲದಾಗ ಇಳಸ್ರಿ," ಎಂದಳು ಆಯಿ. "ಕಾಲ ಆಮ್ಯಾಲ ನೋಡ್ರಿ, ಕಾಲೇನ ಓಡಿ ಹೊಕ್ಕೈತೇನ? ಏ ಗಂಗೀ, ಹಂಗ ಅಲ್ಲ, ಹಿಂದಿಂದ ಹಿಡಿ. ಹೊಟ್ಟಿ ಒತ್ತಬ್ಯಾಡ, ಸುಡುಗಾಡ. ನೀಲೀ, ನೀರ ಎಲ್ಲಿ? ಬಿಸೇ ನೀರ, ಲಗೂನ!"

ಅವಳು ನೋವಿಗೆ ಹಲ್ಲು ಕಚ್ಚಿ ಕಚ್ಚಿ ಬೈದು ಬೈದು ಮಾಡಿಸಿದಳು. ಮಧ್ಯ ಒಂದು ಹೊತ್ತು ಅವ್ವನ ದನಿಯೂ ನಿಂತಿತು, ಆಯಿಯ ದನಿಯೂ ನಿಂತಿತು. ಆಗ ನನಗಾದ ಹೆದರಿಕೆ ಮುಂದೆ ಯಾವ ಹೊಳೆಗೂ ಆಗಿಲ್ಲ. ಇಬ್ಬರಲ್ಲಿ ಯಾರು ಹೋದರು ಎಂದು ಸೀರೆಯ ಮರೆಗೆ ಕಿವಿ ಹಚ್ಚಿ ನಿಂತೆ. ಆಮೇಲೆ ಕೂಸು ಅತ್ತಿತು. ಹೆಣ್ಣು. ಬಚ್ಚಲ ಮೂಲೆಯಲ್ಲಿ ಅಪ್ಪ ಡ್ರಮ್ಮಿಗೆಂದು ಅಗೆದ ಕುಣಿ ಹಾಗೇ ಇತ್ತು. ಅಗೆಯುವ ಕೆಲಸ ಉಳಿಯಿತು ಎಂದು ಗಂಗವ್ವ ಅದರಲ್ಲೇ ಮಾಸು ಇಟ್ಟು ಮಣ್ಣು ಎಳೆದಳು. ಸಂಜೆಗೆ ಯಾರೋ ಹೊಳೆಯಿಂದ ಬಂದು ಹೇಳಿದರು, ನೀರು ಇಳಿಯುತ್ತಿದೆ, ಒಗೆಯುವ ಬಂಡೆ ಕಾಣುತ್ತಿದೆ ಎಂದು. ಅಪ್ಪ ಗೋಡೆಯ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದ. ಕೇಳಿಸಿಕೊಂಡ. ಒಳಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹನಿ ಬೀಳಲು ಶುರುವಾಗಿತ್ತು. ಅವ್ವ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಅಂಟಿ ಮಲಗಿದ್ದಳು. ಆಯಿಯ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ನಾನು ಗಂಗವ್ವನ ಮನೆಯಿಂದ ಹಿಟ್ಟು ತಂದು, ಹೊತ್ತಿಕೊಳ್ಳದ ಒಲೆಯನ್ನು ಊದಿ ಊದಿ ಹೊತ್ತಿಸಿ, ಜೀವನದಲ್ಲಿ ಮೊದಲ ಸಲ ರೊಟ್ಟಿ ಬಡಿದೆ. ಮೊದಲನೆಯದು ಹರಿಯಿತು, ಮಲ್ಲ್ಯಾನಿಗೆ ಕೊಟ್ಟೆ. ಎರಡನೆಯದು ಅವ್ವನಿಗೆ, ಮೂರನೆಯದು ಆಯಿಗೆ. ಅಪ್ಪ ಬಂದು ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಕೈ ಚಾಚಿದ.

ನಾನು ಕೊಡಲಿಲ್ಲ. ರೊಟ್ಟಿ ಕೈಯಲ್ಲೇ ಇತ್ತು.

"ಹಳ್ಳಕ್ಕ ಹೋಗಿ ಒಂದ ಜಂತಿ ತಗೊಂಡ ಬಾ," ಎಂದೆ. "ಅವ್ವನ ತಲಿ ಮ್ಯಾಲ ಏರ್ಸು. ಆಮ್ಯಾಲ ರೊಟ್ಟಿ."

ಹೊಡೆಯುತ್ತಾನೆ ಎಂದುಕೊಂಡೆ. ಆಯಿಯೂ ಹಾಗೇ ಎಣಿಸಿರಬೇಕು, ತಲೆ ಎತ್ತಿ ನೋಡಿದಳು. ಅವನು ಟವೆಲನ್ನು ತಲೆಗೆ ಸುತ್ತಿಕೊಂಡು ಹಳ್ಳದ ಕಡೆ ನಡೆದ. ನಾನು ರೊಟ್ಟಿಯನ್ನು ಒಲೆಯ ಬದಿಗೆ ಇಟ್ಟು, ಮುಂದಿನ ಹಿಟ್ಟಿಗೆ ನೀರು ಹಾಕಿದೆ.